ಫಾರ್ಮ್ಯಾಟ್ ಹೊಡೆಯುವ ಮುನ್ನ ಓದಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಈ ಮೂರು ಊರುಗಳಲ್ಲಿ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದರೂ ಸಿಗುವ ಔಷಧ ಬಹುಮಟ್ಟಿಗೆ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕ್ರಿ.’ ಮಷೀನು ನಿಧಾನವಾಯಿತು, ಫಾರ್ಮ್ಯಾಟ್ ಹೊಡಿ. ಪ್ರಿಂಟರ್ ಮಾತು ಕೇಳುತ್ತಿಲ್ಲ, ಫಾರ್ಮ್ಯಾಟ್ ಹೊಡಿ. ಕರೆಂಟು ಹೋಗಿ ಬಂದ ಮೇಲೆ ಪರದೆ ಕಪ್ಪಗೆ ನಿಂತಿದೆ, ಅದಕ್ಕಂತೂ ಯೋಚನೆಯೇ ಬೇಡ. ಸಂಜೆಯೊಳಗೆ ಹೊಸ ವಿಂಡೋಸ್ ಕೂತಿರುತ್ತದೆ. ಹಳೆಯ ಫೈಲುಗಳು ಹೋದವೇ? ‘ಬ್ಯಾಕಪ್ ಇಟ್ಕೋಬೇಕಿತ್ತಲ್ರಿ’ ಎಂಬ ಉಪದೇಶ ಉಚಿತವಾಗಿ ಸಿಗುತ್ತದೆ. ಅಸಲಿಗೆ ಏನು ಕೆಟ್ಟಿತ್ತು ಎಂದು ಕೇಳಿದರೆ ಅದಕ್ಕೂ ಒಂದೇ ಉತ್ತರ: ‘ಸಾಫ್ಟ್‌ವೇರ್ ಪ್ರಾಬ್ಲಮ್ ಇತ್ರಿ.’ ಹೊಟ್ಟೆನೋವೆಂದು ಬಂದವನ ಹೊಟ್ಟೆಯನ್ನೇ ಬದಲಿಸಿ ಕಳಿಸಿ, ‘ಹೊಟ್ಟೆ ಪ್ರಾಬ್ಲಮ್ ಇತ್ತು’ ಎಂದ ಹಾಗೆ.

ಅಂಗಡಿಯ ಹುಡುಗರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಮುಂದೆ ದಿನವೂ ಮಷೀನುಗಳ ಸಾಲು ನಿಂತಿರುತ್ತದೆ, ಪ್ರತಿಯೊಬ್ಬ ಗಿರಾಕಿಗೂ ಅವಸರ. ನನ್ನ ಜಗಳ ಅವರಿಗೆ ಬೇರೇನನ್ನೂ ಕಲಿಸದ ಕಾಲೇಜುಗಳ ಜೊತೆಗೆ. ಮತ್ತು, ಈ ಪತ್ರಿಕೆಯ ಓದುಗರು ಬೇಸರ ಮಾಡಿಕೊಂಡರೂ ಸರಿ, ಕನ್ನಡವನ್ನು ಯಂತ್ರದ ಹತ್ತಿರಕ್ಕೂ ಕರೆದೊಯ್ಯದೆ ಅದರ ಉಳಿವಿನ ಬಗ್ಗೆ ಭಾಷಣ ಮಾಡುವ ನಮ್ಮ ಸಾಹಿತ್ಯದ ಮಂದಿಯ ಜೊತೆಗೆ. ನಾನು ಹೇಳಬೇಕಾದ್ದು ಇಷ್ಟೇ. ಏಳಲಾರದೆ ನಿಂತ ಕಂಪ್ಯೂಟರು ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಹೆಚ್ಚಿನ ಸಲ ಸ್ಪಷ್ಟವಾಗಿಯೇ ಹೇಳುತ್ತದೆ. ಅದನ್ನು ಓದುವುದು ಕಲಿಸಬಹುದಾದ ವಿದ್ಯೆ. ಆ ವಿದ್ಯೆಯನ್ನು ಕನ್ನಡದಲ್ಲಿ ಕಲಿಸುವ ತನಕ ನಮ್ಮ ಜಿಲ್ಲೆಯ ಮಕ್ಕಳು ತಮ್ಮದೇ ಮಷೀನಿನಲ್ಲಿ ಬಾಡಿಗೆದಾರರಾಗಿಯೇ ಇರುತ್ತಾರೆ.

ನಾನು ಬ್ಯಾಡಗಿಯವನು. ಕೆಲವು ತಿಂಗಳುಗಳಿಂದ ಭಾನುವಾರಗಳಂದು ರಾಣೆಬೆನ್ನೂರಿನ ಗೆಳೆಯರೊಬ್ಬರ ಬೀಜದಂಗಡಿಯ ಮೇಲಿನ ಕೋಣೆಯಲ್ಲಿ ಐದಾರು ವಿದ್ಯಾರ್ಥಿಗಳ ಜೊತೆ ಕೂರುತ್ತೇನೆ. ಬಿಸಿಎ ಓದುವವರಿದ್ದಾರೆ, ಡಿಪ್ಲೊಮಾದವರಿದ್ದಾರೆ, ಒಬ್ಬ ಕನ್ನಡ ಎಂ.ಎ. ವಿದ್ಯಾರ್ಥಿಯೂ ಇದ್ದಾನೆ. ಬ್ಯಾಡಗಿಯ ಡಿಟಿಪಿ ಅಂಗಡಿಯೊಂದು ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ಡೆಸ್ಕ್‌ಟಾಪಿನ ಮೇಲೆ ನಾವು ಕೈಯಾರೆ ಒಂದು ಲಿನಕ್ಸ್ ಕಟ್ಟುತ್ತಿದ್ದೆವು. ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಪುಸ್ತಕ ಅದಕ್ಕೆ ಆಧಾರ. 1999ರಲ್ಲಿ ಗೆರಾರ್ಡ್ ಬೀಕ್‌ಮನ್ಸ್ ಶುರುಮಾಡಿದ್ದು, ಇಂದಿಗೂ ಸ್ವಯಂಸೇವಕರು ತಿದ್ದುತ್ತ ಬಂದಿರುವ, ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಪುಸ್ತಕ. ಸಿದ್ಧ ಅಡುಗೆಯನ್ನು ಬಡಿಸಿಕೊಳ್ಳುವ ಬದಲು ಹಿಟ್ಟು ಬೀಸುವುದರಿಂದ ಶುರುಮಾಡುವ ರೀತಿ ಅದರದು. ಎಂಬತ್ತರ ಆಸುಪಾಸಿನಷ್ಟು ಪ್ಯಾಕೇಜುಗಳ ಮೂಲ ಕೋಡನ್ನು ತಂದು, ಒಂದೊಂದನ್ನೂ ಕಂಪೈಲ್ ಮಾಡಿ, ಜೋಡಿಸಿ, ಕೊನೆಗೆ ಬೂಟ್ ಮಾಡಬೇಕು.

ಆ ‘ಕೊನೆಗೆ’ ಎಂಬಲ್ಲೇ ಇರುವುದು ಸ್ವಾರಸ್ಯ. ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಮೂರೇ ಕೆಲಸ: ಯಾವ ಪಾರ್ಟಿಶನ್ ಎಲ್ಲಿ ಕೂರಬೇಕು ಎಂಬ ಪಟ್ಟಿ ಬರೆಯುವುದು, ಕರ್ನಲ್ ಕಟ್ಟುವುದು, ಗ್ರಬ್ ಎಂಬ ಬೂಟ್‌ಲೋಡರನ್ನು ಕೂರಿಸುವುದು. ಅಷ್ಟು ಭಾನುವಾರಗಳ ಕೆಲಸ ನಿಲ್ಲುವುದು ಈ ಸಣ್ಣ ಅಧ್ಯಾಯದ ಮೇಲೆ. ಅಲ್ಲಿಯವರೆಗೆ ತಪ್ಪಿದ್ದು ತಕ್ಷಣ ಗೊತ್ತಾಗುತ್ತಿರುತ್ತದೆ. ಇಲ್ಲಿ ಮಾತ್ರ ಮಷೀನನ್ನು ಆರಿಸಿ ಹಚ್ಚಿದಾಗಲೇ ಗೊತ್ತಾಗುವುದು.

ಹಚ್ಚಿದೆವು. ಗ್ರಬ್ ಮೆನು ಬಂತು. ನಮ್ಮ ಲಿನಕ್ಸಿನ ಹೆಸರು ಕಾಣಿಸಿತು, ಎಂಟರ್ ಒತ್ತಿದರೆ ಒಂದು ಸಾಲು: ಫೈಲ್ ಸಿಗಲಿಲ್ಲ. ಹಿಂದೆ ನಿಂತಿದ್ದ ಹುಡುಗ ಕೂಡಲೇ ಅಂದ: ‘ಸರ, ಫಾರ್ಮ್ಯಾಟ್ ಹೊಡದು ಮತ್ತ ಶುರು ಮಾಡೂಣೇನ್ರಿ?’ ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆ ಅವನದಲ್ಲ. ಅದನ್ನು ಅವನ ಬಾಯಲ್ಲಿ ಇಟ್ಟದ್ದು ನಮ್ಮ ಶಿಕ್ಷಣ.

ಇಲ್ಲಿ ಸ್ವಲ್ಪ ನಿಂತು, ಮಷೀನು ಹೇಗೆ ಏಳುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಸಾಹಿತ್ಯದ ಓದುಗರಿಗೆ ಇದು ಕಷ್ಟದ ವಿಷಯವೇನಲ್ಲ, ಒಬ್ಬರಿಂದ ಒಬ್ಬರಿಗೆ ಮಾತು ದಾಟುವ ಕಥೆ ಅಷ್ಟೇ. ಸ್ವಿಚ್ ಒತ್ತಿದ ಕೂಡಲೇ ಎಚ್ಚರವಾಗುವುದು ಮದರ್‌ಬೋರ್ಡಿನ ಒಳಗೇ ಇರುವ ಫರ್ಮ್‌ವೇರ್. ಹಳೆಯ ಮಷೀನುಗಳಲ್ಲಿ ಅದರ ಹೆಸರು ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ. ಬಯಾಸ್‌ಗೆ ಫೈಲು, ಫೋಲ್ಡರು ಏನೆಂದೇ ಗೊತ್ತಿಲ್ಲ. ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವುದನ್ನು ನಡೆಸುವುದಷ್ಟೇ ಅದರ ಕೆಲಸ. ಆ 512ರಲ್ಲಿ 64 ಬೈಟು ಪಾರ್ಟಿಶನ್ ಪಟ್ಟಿಗೆ, ಕೊನೆಯ 2 ಬೈಟು ಗುರುತಿನ ಮುದ್ರೆಗೆ. ಬೂಟ್‌ಲೋಡರಿನ ಪಾಲಿಗೆ ಉಳಿಯುವುದು 446 ಬೈಟು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು ಬೇಕು. ಅಂದರೆ ನಮ್ಮ ಜಿಲ್ಲೆಯವನೇ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸರ್ವಜ್ಞನ ಒಂದು ತ್ರಿಪದಿ ಹಿಡಿಸುವಷ್ಟು ಜಾಗ. ಅಷ್ಟು ಜಾಗದಲ್ಲಿ ಇಡೀ ಗ್ರಬ್ ಕೂರುವುದಿಲ್ಲ. ಅದಕ್ಕೇ ಆ ಮೊದಲ ತುಂಡು ತನ್ನ ಮುಂದಿನ ತುಂಡನ್ನು ಎತ್ತಿಕೊಂಡು ಬರುತ್ತದೆ, ಅದು ಮೆನುವನ್ನು ತರುತ್ತದೆ, ಮೆನು ಕರ್ನಲನ್ನು ಎತ್ತುತ್ತದೆ, ಕರ್ನಲ್ ತನ್ನ ಡಿಸ್ಕನ್ನು ಹುಡುಕಿ ಅಲ್ಲಿರುವ ಇನಿಟ್ ಎಂಬ ಮೊದಲ ಪ್ರೋಗ್ರಾಮಿಗೆ ಮನೆಯನ್ನು ಒಪ್ಪಿಸುತ್ತದೆ.

ಒಟ್ಟು ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೆ ಯಾವ ಮಾತು ಎಂಬುದೂ ಗೊತ್ತಿರುವಂಥದ್ದೇ. ಬೂಟ್ ಮಾಡಲು ಡಿಸ್ಕೇ ಇಲ್ಲ ಎಂದರೆ ಫರ್ಮ್‌ವೇರಿಗೆ ಬೂಟ್‌ಲೋಡರ್ ಕಂಡಿಲ್ಲ. ‘ಗ್ರಬ್ ರೆಸ್ಕ್ಯೂ’ ಎಂದು ನಿಂತರೆ ಗ್ರಬ್ಬಿನ ಮೊದಲ ತುಂಡು ಎದ್ದಿದೆ, ಉಳಿದ ತುಂಡುಗಳು ಅದಕ್ಕೆ ಸಿಕ್ಕಿಲ್ಲ. ಬರೀ ‘ಗ್ರಬ್’ ಎಂದು ನಿಂತರೆ ಗ್ರಬ್ ಪೂರ್ತಿ ಎದ್ದಿದೆ, ಏನು ಮಾಡಬೇಕೆಂದು ಬರೆದಿಟ್ಟ ಚೀಟಿ ಮಾತ್ರ ಕಾಣಿಸಿಲ್ಲ. ‘ಕರ್ನಲ್ ಪ್ಯಾನಿಕ್’ ಎಂದರೆ ಗ್ರಬ್ಬಿನ ಕೆಲಸ ಮುಗಿದಿದೆ, ಅದನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಂಗಡಿಯಲ್ಲಿ ಈ ನಾಲ್ಕಕ್ಕೂ ಒಂದೇ ಹೆಸರು: ಸಾಫ್ಟ್‌ವೇರ್ ಪ್ರಾಬ್ಲಮ್.

ನಮಗೆ ಬಂದದ್ದು ಮೂರನೆಯ ಬಾಗಿಲಿನ ತೊಂದರೆ. ಮೆನು ಬಂದಿದೆ, ಚೀಟಿಯೂ ಸಿಕ್ಕಿದೆ, ಚೀಟಿಯಲ್ಲಿ ಬರೆದ ವಿಳಾಸದಲ್ಲಿ ಕರ್ನಲ್ ಇಲ್ಲ. ಗ್ರಬ್ ಮೆನುವಿನಲ್ಲಿ ‘ಸಿ’ ಅಕ್ಷರ ಒತ್ತಿದರೆ ಅದು ನಮ್ಮ ಆಜ್ಞೆಗಳಿಗೆ ಕಿವಿಗೊಡುತ್ತದೆ. ‘ಎಲ್‌ಎಸ್’ ಎಂದು ಎರಡಕ್ಷರ ಬರೆದರೆ ತನಗೆ ಕಾಣುವ ಡಿಸ್ಕು, ಪಾರ್ಟಿಶನ್‌ಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಮೊದಲ ಪಾರ್ಟಿಶನ್ನಿನ ಒಳಗೆ ಇಣುಕಿ ನೋಡಿದರೆ ಕರ್ನಲ್ ಫೈಲು ಅಲ್ಲೇ ತಣ್ಣಗೆ ಕೂತಿತ್ತು. ಚೀಟಿಯಲ್ಲಿ ಮಾತ್ರ ‘ಬೂಟ್ ಫೋಲ್ಡರಿನ ಒಳಗಿರುವ ಕರ್ನಲ್’ ಎಂದು ಬರೆದಿತ್ತು. ಬೂಟ್ ಫೋಲ್ಡರಿಗೆಂದೇ ಪ್ರತ್ಯೇಕ ಪಾರ್ಟಿಶನ್ ಮಾಡಿದ್ದರಿಂದ, ಗ್ರಬ್ ಆಗಲೇ ಬೂಟ್‌ನ ಒಳಗೇ ನಿಂತಿತ್ತು. ಅಲ್ಲಿ ನಿಂತು ಅದು ಇನ್ನೊಂದು ಬೂಟ್ ಹುಡುಕುತ್ತಿತ್ತು.

ಇದನ್ನು ವಿವರಿಸಲು ನನಗೆ ಕೋಡ್ ಬೇಕಾಗಲಿಲ್ಲ. ಮೋಟೆಬೆನ್ನೂರು ಕ್ರಾಸಿನಲ್ಲಿ ನಿಂತು ಫೋನ್ ಮಾಡಿದ ನೆಂಟನಿಗೆ ‘ಮೊದಲು ಮೋಟೆಬೆನ್ನೂರು ಕ್ರಾಸಿಗೆ ಬಾ, ಆಮೇಲೆ ಬ್ಯಾಡಗಿ ರಸ್ತೆ ಹಿಡಿ’ ಎಂದರೆ ಏನಾಗುತ್ತದೆ ಎಂದು ಕೇಳಿದೆ. ಎಲ್ಲರೂ ನಕ್ಕರು. ನೆಂಟ ಇನ್ನೊಂದು ಕ್ರಾಸ್ ಹುಡುಕಿಕೊಂಡು ಹೊರಡುತ್ತಾನೆ. ದಾರಿ ಹೇಳುವಾಗ ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದು ಮುಖ್ಯ. ಮೆನುವಿನಲ್ಲಿ ‘ಇ’ ಅಕ್ಷರ ಒತ್ತಿ, ಆ ಸಾಲಿನಿಂದ ‘ಬೂಟ್’ ಎಂಬ ಒಂದು ತುಂಡನ್ನು ಅಳಿಸಿ ಮುಂದೆ ಕಳಿಸಿದೆವು. ಹೀಗೆ ಮಾಡಿದ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ, ಡಿಸ್ಕಿನ ಮೇಲೆ ಉಳಿಯುವುದಿಲ್ಲ. ಅಂದರೆ ಅಲ್ಲಿ ಹೆದರಿಕೆಯಿಲ್ಲದೆ ಎಷ್ಟು ಸಲವಾದರೂ ಪ್ರಯತ್ನಿಸಬಹುದು. ನಾಳೆ ನೀವು ಎದುರಿಸುವ ಕಪ್ಪು ಪರದೆಗೂ ಇದು ಅನ್ವಯಿಸುತ್ತದೆ, ನೆನಪಿಡಿ.

ಕರ್ನಲ್ ಎದ್ದಿತು, ಅರ್ಧ ನಿಮಿಷವೂ ಆಗದೆ ಪ್ಯಾನಿಕ್ ಆಯಿತು. ರೂಟ್ ಫೈಲ್‌ಸಿಸ್ಟಮನ್ನು ಹತ್ತಿಸಲಾಗಲಿಲ್ಲ, ಗೊತ್ತಿಲ್ಲದ ಬ್ಲಾಕು, ಆವರಣದಲ್ಲಿ ಸೊನ್ನೆ, ಸೊನ್ನೆ. ಈಗ ‘ರೂಟ್’ ಎಂಬ ಪದವನ್ನು ನೋಡಿ. ಗ್ರಬ್ಬಿನ ಚೀಟಿಯಲ್ಲಿ ರೂಟ್ ಎಂದರೆ ‘ಕರ್ನಲ್ ಫೈಲನ್ನು ನಾನು ಎಲ್ಲಿ ಹುಡುಕಲಿ’ ಎಂಬುದಕ್ಕೆ ಉತ್ತರ. ಅದೇ ಚೀಟಿಯ ಕೆಳಗಿನ ಸಾಲಿನಲ್ಲಿ ಕರ್ನಲ್‌ಗೆ ಕೊಡುವ ರೂಟ್ ಎಂದರೆ ‘ನಾನು ಎದ್ದ ಮೇಲೆ ಯಾವ ಪಾರ್ಟಿಶನ್ ನನ್ನ ಮನೆ’ ಎಂಬುದಕ್ಕೆ ಉತ್ತರ. ಎರಡೂ ಬೇರೆ ಬೇರೆ ಪಾರ್ಟಿಶನ್ ಆಗಿರಬಹುದು, ನಮ್ಮಲ್ಲಿ ಆಗಿದ್ದವು ಕೂಡ. ಸಾಲದ್ದಕ್ಕೆ ಎಲ್ಲ ಅಧಿಕಾರ ಇರುವ ಬಳಕೆದಾರನ ಹೆಸರೂ ರೂಟ್. ಮೂರು ಜನರ ಬಾಯಲ್ಲಿ ಒಂದೇ ಪದ, ಮೂರು ಅರ್ಥ. ಪಠ್ಯಪುಸ್ತಕ ‘ರೂಟ್ = ಬೇರು’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತದೆ. ಯಾರು, ಯಾರಿಗೆ, ಯಾವಾಗ ಹೇಳಿದ ಮಾತು ಎಂದು ಕೇಳಿಕೊಂಡು ಓದುವುದು ನಮ್ಮ ಕನ್ನಡ ಎಂ.ಎ. ಹುಡುಗನಿಗೆ ಮೊದಲೇ ರೂಢಿಯಾಗಿತ್ತು. ಬಿಸಿಎ ಹುಡುಗರಿಗಿಂತ ಬೇಗ ಅವನಿಗೆ ಇದು ಹೊಳೆಯಿತು ಎಂದರೆ ನೀವು ನಂಬಬೇಕು.

ಆವರಣದ ಆ ಎರಡು ಅಂಕಿಗಳೂ ಮಾತಾಡುತ್ತವೆ. ಎಂಟು, ಮೂರು ಎಂದಿದ್ದರೆ ಡಿಸ್ಕು ಕಂಡಿದೆ, ಅದರ ಮೂರನೆಯ ಪಾರ್ಟಿಶನ್ನೂ ಕಂಡಿದೆ, ಅದರ ಮೇಲಿನ ಬರವಣಿಗೆಯ ಕ್ರಮ ಮಾತ್ರ ಕರ್ನಲ್‌ಗೆ ತಿಳಿಯುತ್ತಿಲ್ಲ ಎಂದು ಅರ್ಥ. ಸೊನ್ನೆ, ಸೊನ್ನೆ ಎಂದರೆ ಆ ಹೆಸರಿನ ಡಿಸ್ಕೇ ಅದಕ್ಕೆ ಕಂಡಿಲ್ಲ. ಪ್ಯಾನಿಕ್ ಆಗುವ ಮುನ್ನ ಕರ್ನಲ್ ‘ನನಗೆ ಕಾಣುತ್ತಿರುವ ಪಾರ್ಟಿಶನ್‌ಗಳು ಇವು’ ಎಂದು ಒಂದು ಪಟ್ಟಿಯನ್ನೂ ಕೊಡುತ್ತದೆ. ಮುಂದೆ ಕೂತಿದ್ದ ಹುಡುಗಿ ಪರದೆಯ ಹತ್ತಿರ ಮುಖ ತಂದು ನೋಡಿ ಅಂದಳು: ‘ಸರ, ಪಟ್ಟಿ ಖಾಲಿ ಐತ್ರಿ.’ ಆ ಕೋಣೆಯಲ್ಲಿ ಆ ದಿನ ಆಡಿದ ಅತ್ಯಂತ ಬುದ್ಧಿವಂತ ಮಾತು ಅದು. ಪಟ್ಟಿ ಖಾಲಿ ಇದ್ದರೆ ತಪ್ಪು ವಿಳಾಸದ್ದಲ್ಲ. ಕರ್ನಲ್‌ಗೆ ಡಿಸ್ಕಿನ ಜೊತೆ ಮಾತಾಡಲು ಬೇಕಾದ ಡ್ರೈವರೇ ಕೈಯಲ್ಲಿಲ್ಲ.

ಹಾಗಾದರೆ ಡ್ರೈವರ್ ಎಲ್ಲಿತ್ತು? ಡಿಸ್ಕಿನ ಮೇಲೇ ಇತ್ತು! ಕರ್ನಲ್ ಕಟ್ಟುವಾಗ ಆ ಡ್ರೈವರನ್ನು ಒಳಗೇ ಸೇರಿಸುವ ಬದಲು ಪ್ರತ್ಯೇಕ ಮಾಡ್ಯೂಲಾಗಿ ಇಟ್ಟಿದ್ದರು. ಡಿಸ್ಕನ್ನು ತೆರೆಯುವ ಬೀಗದ ಕೈ ಡಿಸ್ಕಿನೊಳಗೇ ಇತ್ತು. ದೊಡ್ಡ ಡಿಸ್ಟ್ರಿಬ್ಯೂಶನ್‌ಗಳು ಈ ತೊಂದರೆ ತಪ್ಪಿಸಲು ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟೊಂದನ್ನು ಕರ್ನಲ್ ಜೊತೆಗೇ ಕಳಿಸುತ್ತವೆ, ಅದರಲ್ಲಿ ಇಂಥ ಕೀಲಿಗಳಿರುತ್ತವೆ. ನಾವು ಕಟ್ಟಿದ್ದರಲ್ಲಿ ಆ ಗಂಟಿರಲಿಲ್ಲ. ಮೊದಲಿದ್ದ ಲಿನಕ್ಸಿನಿಂದ ಮಷೀನನ್ನು ಎಬ್ಬಿಸಿ, ನಾವು ಕಟ್ಟಿದ ವ್ಯವಸ್ಥೆಯ ಒಳಗೆ ಹೊಕ್ಕು, ಡ್ರೈವರನ್ನು ಕರ್ನಲ್ ಒಳಗೆ ಸೇರಿಸಿ, ಮತ್ತೆ ಕಂಪೈಲ್ ಮಾಡಿ, ಚೀಟಿಯನ್ನೂ ಶಾಶ್ವತವಾಗಿ ತಿದ್ದಿದೆವು. ಮುಂದಿನ ಸಲ ಲಾಗಿನ್ ಕೇಳಿತು. ಡಿಸ್ಕಿನ ಒಂದು ಬೈಟನ್ನೂ ಫಾರ್ಮ್ಯಾಟ್ ಮಾಡಲಿಲ್ಲ.

ಈಗ ಕಾಲೇಜುಗಳ ವಿಷಯಕ್ಕೆ ಬರುತ್ತೇನೆ. ‘ಬೂಟಿಂಗ್ ಪ್ರಕ್ರಿಯೆಯನ್ನು ವಿವರಿಸಿ’ ಎಂಬುದು ನಾನು ಓದುವಾಗಲೂ ಹತ್ತು ಅಂಕದ ಪ್ರಶ್ನೆಯಾಗಿತ್ತು. ಚಿತ್ರ ಬಿಡಿಸಿ, ಬಾಣ ಎಳೆದು, ಎಂಟು ಅಂಕ ಪಡೆದು ಹೊರಬಂದವರಲ್ಲಿ ಒಬ್ಬರೂ ಬೂಟ್ ಆಗದ ಮಷೀನಿನ ಮುಂದೆ ಕೂತವರಲ್ಲ. ಹೆಸರು ಹೇಳಬೇಕಾದ ಅಗತ್ಯವಿಲ್ಲದ ಆ ಕಾಲೇಜಿನ ಲ್ಯಾಬಿನಲ್ಲಿ ಬಯಾಸ್‌ಗೆ ಪಾಸ್‌ವರ್ಡ್ ಹಾಕಿ, ‘ಸೆಟ್ಟಿಂಗ್ ಮುಟ್ಟಬಾರದು’ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಲಿನಕ್ಸ್ ಪ್ರಾಕ್ಟಿಕಲ್ ಎಂದರೆ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಪ್ಪತ್ತು ಆಜ್ಞೆಗಳನ್ನು ನಕಲು ಮಾಡುವುದು. ಈಜು ಕಲಿಸುವ ಶಾಲೆಯೊಂದು ಬಾವಿಗೆ ಬೀಗ ಹಾಕಿ, ಈಜಿನ ವ್ಯಾಖ್ಯಾನ ಬರೆಸಿದ ಹಾಗೆ. ಮುರಿದದ್ದನ್ನು ನೋಡದವನಿಗೆ ಕೂಡಿಸುವುದು ಹೇಗೆ ಗೊತ್ತಾಗಬೇಕು?

ನಮ್ಮಲ್ಲಿ ಇದು ಆಗದ ಮಾತು ಎನ್ನುವವರು ಒಮ್ಮೆ ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಸರಕಾರಿ ಶಾಲೆಗಳು ವರ್ಷಗಳ ಹಿಂದೆಯೇ ಸ್ವತಂತ್ರ ತಂತ್ರಾಂಶಕ್ಕೆ ಬಂದವು. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್ ಮೇಲೆ ಮಕ್ಕಳು ಕಲಿಯುತ್ತಾರೆ, ಐಟಿ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮಕ್ಕೂ ಬರುತ್ತವೆ. ಕರ್ನಾಟಕದ ಹೊರಗಿರುವ ಕನ್ನಡದ ಮಕ್ಕಳು ಕನ್ನಡದಲ್ಲಿ ಲಿನಕ್ಸ್ ಓದುತ್ತಾರೆ. ಕನ್ನಡ ನಾಡಿನ ನಡುಮಧ್ಯೆ ಇರುವ ಹಾವೇರಿಯ ಮಕ್ಕಳು ವಿಂಡೋಸ್ ಮೇಲೆ ಪೇಂಟ್ ತೆರೆದು ಮನೆಯ ಚಿತ್ರ ಬರೆಯುತ್ತಾರೆ. ಇದಕ್ಕೆ ಹಣದ ಕೊರತೆ ಕಾರಣ ಎಂದು ಹೇಳಬೇಡಿ. ಬಿಟ್ಟಿ ಸಿಗುವುದನ್ನು ತಂದುಕೊಳ್ಳಲು ಹಣ ಬೇಕಿಲ್ಲ.

ಇನ್ನು ಸಾಹಿತ್ಯದವರು. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದರು. ಊರಿಗೆ ಊರೇ ಹಬ್ಬ ಮಾಡಿತು. ಆ ಸಂಭ್ರಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಮ್ಮೇಳನಗಳಿಂದ ಸಮ್ಮೇಳನಗಳಿಗೆ ನಾವು ಹೊತ್ತು ತಿರುಗುವ ‘ಕನ್ನಡ ಮತ್ತು ತಂತ್ರಜ್ಞಾನ’ ಎಂಬ ಚರ್ಚೆ ಎರಡೇ ಗಾಡಿಗಳ ಮೇಲೆ ಸಾಗುತ್ತದೆ: ಒಂದು ಕೀಬೋರ್ಡು, ಇನ್ನೊಂದು ಹೊಸ ಪದಗಳು. ಗಣಕಯಂತ್ರ ಎನ್ನಬೇಕೋ ಕಂಪ್ಯೂಟರ್ ಎನ್ನಬೇಕೋ, ಕಾರ್ಯಾಚರಣಾ ವ್ಯವಸ್ಥೆಯೋ ಕಾರ್ಯನಿರ್ವಹಣಾ ವ್ಯವಸ್ಥೆಯೋ. ಹೊಸ ಪದ ಹುಟ್ಟಿತು, ಚಪ್ಪಾಳೆ ಬಿತ್ತು. ಆ ಪದದ ಒಳಗೆ ಏನು ನಡೆಯುತ್ತದೆ ಎಂದು ವಿವರಿಸುವ ಒಂದು ಪುಟ ಮಾತ್ರ ಹುಟ್ಟಲಿಲ್ಲ. ಯು.ಬಿ. ಪವನಜ, ಟಿ.ಜಿ. ಶ್ರೀನಿಧಿ ಅವರಂಥ ಕೆಲವರು ವರ್ಷಗಳಿಂದ ಕಂಪ್ಯೂಟರ್ ಕುರಿತು ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಅವರನ್ನು ನಾವು ‘ವಿಜ್ಞಾನ ಲೇಖಕರು’ ಎಂಬ ಬೇರೆ ಪಂಕ್ತಿಯಲ್ಲಿ ಕೂರಿಸಿದ್ದೇವೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಸಸ್ಯಶಾಸ್ತ್ರ ಕನ್ನಡ ಸಾಹಿತ್ಯವಾಯಿತು. ಗಿಡಗಳಿಗೆ ಸಿಕ್ಕ ಆ ಅದೃಷ್ಟ ನಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಇನ್ನೂ ಸಿಕ್ಕಿಲ್ಲ.

ಎರರ್ ಸಂದೇಶಗಳು ಹೇಗೂ ಇಂಗ್ಲಿಷಿನಲ್ಲೇ ಬರುತ್ತವಲ್ಲ ಎಂದು ಕೇಳುವವರಿದ್ದಾರೆ. ಬರುತ್ತವೆ, ಇನ್ನೂ ಬಹಳ ಕಾಲ ಹಾಗೇ ಬರುತ್ತವೆ. ಲಿನಕ್ಸಿನ ಆ ಕಪ್ಪು ಕನ್ಸೋಲಿನಲ್ಲಿ ಹೆಚ್ಚೆಂದರೆ 512 ಅಕ್ಷರ ರೂಪಗಳಿಗೆ ಜಾಗವಿದೆ, ಒತ್ತಕ್ಷರ ಜೋಡಿಸುವ ವಿದ್ಯೆಯೂ ಅದಕ್ಕೆ ಬರುವುದಿಲ್ಲ. ಯಂತ್ರ ಕುಸಿದು ಬಿದ್ದ ಗಳಿಗೆಯಲ್ಲಿ ಅದು ಕನ್ನಡದಲ್ಲಿ ನರಳಲಿ ಎಂದು ನಾನೂ ಕೇಳುವುದಿಲ್ಲ. ಎಕ್ಸ್‌ರೇ ಫಿಲ್ಮಿನ ಮೇಲೂ ಕನ್ನಡವಿರುವುದಿಲ್ಲ. ಅದನ್ನು ಬೆಳಕಿಗೆ ಹಿಡಿದು ‘ಇಲ್ಲಿ ಎಲುಬು ಸೀಳಿದೆ ನೋಡಿ ಅಮ್ಮಾ’ ಎಂದು ಹೇಳುವ ಡಾಕ್ಟರು ಕನ್ನಡದಲ್ಲಿ ಹೇಳಬೇಕು ಅಷ್ಟೇ. ‘ಪಟ್ಟಿ ಖಾಲಿ ಐತ್ರಿ’ ಎಂದ ಹುಡುಗಿ ಇಂಗ್ಲಿಷ್ ಸಾಲನ್ನು ನೋಡಿದಳು, ಕನ್ನಡದಲ್ಲಿ ಯೋಚಿಸಿದಳು. ನಮ್ಮ ಶಿಕ್ಷಣ ಆ ಎರಡನೆಯ ಹೆಜ್ಜೆಗೆ ಅವಕಾಶವನ್ನೇ ಕೊಡುವುದಿಲ್ಲ. ಇಂಗ್ಲಿಷಿನಲ್ಲಿ ನೋಡಿ ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡು ಎನ್ನುತ್ತದೆ.

ಇದೆಲ್ಲ ಯಾಕೆ ಇಷ್ಟು ಮುಖ್ಯ? ಮಷೀನು ಮೊದಲು ಯಾರ ಮಾತು ಕೇಳುತ್ತದೆ ಎಂಬುದು ಅದರ ಒಡೆತನದ ಪ್ರಶ್ನೆ. ಅದೇ ಕೋಣೆಗೆ ಒಬ್ಬ ತನ್ನ ಹೊಸ ಲ್ಯಾಪ್‌ಟಾಪ್ ತಂದಿದ್ದ. ಅದರ ಮೇಲೆ ಕೈಯಾರೆ ಕಟ್ಟಿದ ಲಿನಕ್ಸ್ ನೇರವಾಗಿ ಏಳುವುದಿಲ್ಲ. ಕಾರಣ ಸೆಕ್ಯೂರ್ ಬೂಟ್. 2012ರ ವಿಂಡೋಸ್ 8ರ ಕಾಲದಿಂದ ಬಂದ ಈ ಏರ್ಪಾಟಿನಲ್ಲಿ, ಫರ್ಮ್‌ವೇರ್ ತಾನು ನಂಬುವ ಕೀಲಿಯಿಂದ ಸಹಿಯಾದ ಬೂಟ್‌ಲೋಡರನ್ನು ಮಾತ್ರ ಒಳಗೆ ಬಿಡುತ್ತದೆ. ನಾವು ಕೊಳ್ಳುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿ ಮೈಕ್ರೋಸಾಫ್ಟಿನದು. ಉಬುಂಟು, ಫೆಡೋರಾದಂಥ ದೊಡ್ಡ ಲಿನಕ್ಸ್‌ಗಳು ಸಹ ಮೈಕ್ರೋಸಾಫ್ಟ್ ಸಹಿ ಮಾಡಿದ ಒಂದು ಸಣ್ಣ ಪ್ರೋಗ್ರಾಮಿನ ಬೆನ್ನ ಹಿಂದೆ ಒಳಗೆ ಬರುತ್ತವೆ. ಕಳ್ಳ ಬೂಟ್‌ಲೋಡರ್‌ಗಳನ್ನು ತಡೆಯುವುದರಲ್ಲಿ ಇದರ ಉಪಯೋಗ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಆರಿಸುವ ಅವಕಾಶ ಬಳಕೆದಾರನಿಗೆ ಇರಲೇಬೇಕು ಎಂಬ ನಿಯಮ ವಿಂಡೋಸ್ 8ರ ಕಾಲದಲ್ಲಿತ್ತು, 2015ರಲ್ಲಿ ವಿಂಡೋಸ್ 10 ಬಂದಾಗ ಅದು ತಯಾರಕರ ಇಷ್ಟಕ್ಕೆ ಬಿಟ್ಟದ್ದಾಯಿತು. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಬಂದು, ಒಂದೇ ಮಷೀನಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಿದ್ದ ಹಲವರ ಲಿನಕ್ಸ್ ಏಳದಂತಾಯಿತು. ಯಾರದೋ ಮನೆಯ ಬೀಗ, ಇನ್ನಾರೋ ದೂರದಿಂದ ಬದಲಿಸಿದರು.

ರಾಣೆಬೆನ್ನೂರಿನವರಿಗೆ ಈ ಕಥೆ ಹೊಸದಲ್ಲ. ಅದು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ರೈತರು ಕಂಪನಿಗಳಿಗಾಗಿ ಹೈಬ್ರಿಡ್ ಬೀಜ ಬೆಳೆಯುತ್ತಾರೆ, ಹೂವು ಹೂವಿಗೂ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಶ್ರಮ ಅವರದು, ಹೊಲ ಅವರದು, ಬೀಜದ ತಂದೆ ತಾಯಿ ತಳಿಗಳು ಮಾತ್ರ ಕಂಪನಿಯವು. ಬೆಳೆದದ್ದನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಹೈಬ್ರಿಡ್ ಬೇಡ ಎಂಬ ವಾದವಲ್ಲ ಇದು. ಆದರೆ ಬೀಜ ಎತ್ತಿಡುವ ವಿದ್ಯೆಯೇ ಒಂದು ತಲೆಮಾರಿಗೆ ಮರೆತುಹೋದರೆ ಏನಾಗುತ್ತದೆ ಎಂದು ಆ ಊರಿನ ಹಿರಿಯರನ್ನು ಕೇಳಿ ನೋಡಿ. ಬೂಟ್‌ಲೋಡರ್ ಮಷೀನಿನ ಬೀಜ. ಅದನ್ನು ಬಿತ್ತುವುದು ಗೊತ್ತಿಲ್ಲದವರು ಅಂಗಡಿ ಕೊಟ್ಟದ್ದನ್ನೇ ಬೆಳೆಯಬೇಕು.

‘ಕೆಲಸ ಕೊಡಿಸದ ವಿದ್ಯೆ ಯಾಕ್ರಿ?’ ಇದು ತಂದೆ ತಾಯಂದಿರ ಪ್ರಶ್ನೆ, ಗೌರವದಿಂದಲೇ ಉತ್ತರಿಸಬೇಕಾದ ಪ್ರಶ್ನೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಮಷೀನುಗಳು ಕುಸಿದವು. ಎಷ್ಟೋ ಮಷೀನುಗಳು ನೀಲಿ ಪರದೆ ತೋರಿಸಿ, ಮತ್ತೆ ಮತ್ತೆ ಏಳಲು ಹೋಗಿ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಸ್ಥಿತಿ ಬಂತು. ಪರಿಹಾರವೇನಿತ್ತು? ಮಷೀನನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಒಂದು ಫೈಲನ್ನು ಹುಡುಕಿ ಅಳಿಸಬೇಕಿತ್ತು. ಬಹಳಷ್ಟು ಕಡೆ ಒಂದೊಂದು ಮಷೀನಿನ ಮುಂದೆಯೂ ಒಬ್ಬೊಬ್ಬ ಮನುಷ್ಯ ಕೂತು ಮಾಡಬೇಕಿತ್ತು. ಮಷೀನು ಯಾವ ಬಾಗಿಲಲ್ಲಿ ನಿಂತಿದೆ ಎಂದು ಓದಬಲ್ಲವರಿಗೆ ಅಂದು ಜಗತ್ತಿನಲ್ಲೆಲ್ಲ ಕೆಲಸವಿತ್ತು. ಕ್ಲೌಡು, ಎಐ ಎಂದು ಹೇಳುವ ಎಲ್ಲದರ ತಳದಲ್ಲೂ ಎಲ್ಲೋ ಒಂದು ಕಡೆ ಒಂದು ಮಷೀನು ಬೂಟ್ ಆಗಲೇಬೇಕು.

ನಮ್ಮ ಊರಿನದೇ ಇನ್ನೊಂದು ವಿದ್ಯೆಯನ್ನು ನೆನಪಿಸುತ್ತೇನೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ಈಗ ಟೆಂಡರ್ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೂ ದಲಾಲಿ ಅಂಗಡಿಯಲ್ಲಿ ಹಳಬರು ಕಾಯಿಯನ್ನು ಅಂಗೈಯಲ್ಲಿ ಹಿಡಿದು, ಬಣ್ಣ ನೋಡಿ, ಸುಕ್ಕು ನೋಡಿ, ಮುರಿದು ನೋಡಿ ಇದು ಡಬ್ಬಿ, ಇದು ಕಡ್ಡಿ, ಇದರಲ್ಲಿ ಇನ್ನೂ ಹಸಿ ಉಳಿದಿದೆ ಎಂದು ಹೇಳುತ್ತಾರೆ. ಚೀಲ ಸರಿಯಿಲ್ಲವೆಂದು ಅನ್ನಿಸಿದ ಕೂಡಲೇ ಯಾರೂ ಚೀಲವನ್ನು ಸುಡುವುದಿಲ್ಲ. ಮುಟ್ಟಿ, ಮೂಸಿ, ತಪ್ಪು ಎಲ್ಲಿದೆಯೆಂದು ಹುಡುಕಿ, ಅಷ್ಟನ್ನು ಬೇರೆ ಮಾಡುತ್ತಾರೆ. ಆ ತಾಳ್ಮೆ ನಮ್ಮ ರಕ್ತದಲ್ಲೇ ಇದೆ. ಮಷೀನಿನ ಮುಂದೆ ಕೂತಾಗ ಮಾತ್ರ ಅದನ್ನು ನಾವು ಮನೆಯಲ್ಲಿ ಬಿಟ್ಟು ಬರುತ್ತೇವೆ.

ಹಾಗಾದರೆ ಏನು ಮಾಡಬೇಕು? ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೊಸ ವಿಂಡೋಸಿನ ಷರತ್ತುಗಳಿಗೆ ಒಗ್ಗದ ಹಳೆಯ ಮಷೀನುಗಳು ಈ ಜಿಲ್ಲೆಯ ಕಾಲೇಜು, ಕಚೇರಿ, ಡಿಟಿಪಿ ಅಂಗಡಿಗಳ ಮೂಲೆಗಳಲ್ಲಿ ರಾಶಿ ಬೀಳುತ್ತವೆ. ಅವು ಗುಜರಿಗೆ ಹೋಗುವ ಮುನ್ನ ಒಂದೊಂದು ಕಾಲೇಜು ನಾಲ್ಕೇ ನಾಲ್ಕು ಮಷೀನುಗಳನ್ನು ಎತ್ತಿಟ್ಟುಕೊಳ್ಳಲಿ. ಬಯಾಸ್ ಪಾಸ್‌ವರ್ಡ್ ತೆಗೆಯಲಿ, ಗೋಡೆಯ ಚೀಟಿ ಹರಿಯಲಿ. ‘ಬೂಟಿಂಗ್ ಪ್ರಕ್ರಿಯೆ ವಿವರಿಸಿ’ ಎಂಬ ಪ್ರಶ್ನೆ ಕೈಬಿಟ್ಟು, ಬೇಕೆಂದೇ ಕೆಡಿಸಿದ ಮಷೀನನ್ನು ವಿದ್ಯಾರ್ಥಿಯ ಮುಂದಿಟ್ಟು ‘ಇದು ಎಲ್ಲಿ ನಿಂತಿದೆ, ಕನ್ನಡದಲ್ಲಿ ಬರೆ’ ಎಂದು ಕೇಳಲಿ. ಸರಿಮಾಡದಿದ್ದರೂ ಅಂಕ ಕೊಡಲಿ, ಎಲ್ಲಿ ನಿಂತಿದೆ ಎಂದು ಸರಿಯಾಗಿ ಹೇಳಿದರೆ ಸಾಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇನ್ನೂ ಸಣ್ಣದು. ನಿಮ್ಮ ಗೆಳೆಯನ ಮಷೀನು ಏಳದೆ ನಿಂತ ದಿನ ಅವನ ಪಕ್ಕದಲ್ಲಿ ಕೂತುಕೊಳ್ಳಿ. ಪರದೆಯ ಮೇಲಿನ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವಾಗ ಎಂದು ಅವನನ್ನು ಕೇಳುತ್ತ ಹೋಗಿ, ಅವನು ಹೇಳಿದ್ದನ್ನು ನಿಮ್ಮ ಕನ್ನಡದಲ್ಲಿ ಬರೆದು ಇಂಥ ಪತ್ರಿಕೆಗಳಿಗೆ ಕಳಿಸಿ. ಅಂಥ ಹತ್ತು ಪುಟಗಳು ಬಂದರೆ, ಮುಂದಿನ ವರ್ಷ ಹಾವೇರಿಯ ಅಂಗಡಿಯ ಹುಡುಗನೊಬ್ಬ ಫಾರ್ಮ್ಯಾಟ್ ಹೊಡೆಯುವ ಮುನ್ನ ಅವುಗಳಲ್ಲಿ ಒಂದನ್ನಾದರೂ ತೆಗೆದು ನೋಡಬಹುದು.